ಮುಟ್ಟಬಾರದ ಮರಿ

"ಮಕ್ಕಳಿರೋ ಮನೆಗೆ ನಾನು ಮರಿ ಕೊಡಲ್ಲ," ಎಂದಳು ಮುದುಕಿ ಓರ್ಫಿಲಿಯಾ, ಊರವರು ಗೌರವದಿಂದ ದೋನ್ಯಾ ಎನ್ನುವವಳು, ಗೇಟಿನ ಕೊಂಡಿಯನ್ನೂ ತೆಗೆಯದೆ.

ನೀಬಿಯಾ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಕೆಲಸಕ್ಕೆ ಬಾರದೆ ಹೋದವು. ಏಳು ವರ್ಷದ ರೊಮೀನಾ, ನಾಲ್ಕು ವರ್ಷದ ಲೌತಾರೊ ಅವಳ ಎರಡೂ ಪಕ್ಕದಲ್ಲಿ ನಿಂತು, ದೊಡ್ಡಿಯೊಳಗೆ ಕುರಿಗಳ ಕಾಲಸಂದಿಯಲ್ಲಿ ಹೊರಳಾಡುತ್ತಿದ್ದ ಬಿಳಿ ನಾಯಿಮರಿಗಳನ್ನು ಬಾಯಿಬಿಟ್ಟುಕೊಂಡು ನೋಡುತ್ತಿದ್ದರು.

"ಯಾಕೆ ದೋನ್ಯಾ? ನಾಯಿ ಅಂದ್ರೆ ನಮ್ಮ ಮಕ್ಕಳಿಗೆ ಪ್ರಾಣ."

"ಅದಕ್ಕೇ ಕೊಡಲ್ಲ ಅಂದದ್ದು."

ಆ ಗುಡ್ಡಗಳ ಸೀಮೆಯಲ್ಲಿ ಕಾವಲು ನಾಯಿಯನ್ನು ಸಾಕುವ ರೀತಿಯೇ ಹಾಗೆ. ತಾಯಿಯ ಹಾಲು ಬಿಡುತ್ತಲೇ ಮರಿಯನ್ನು ಕುರಿಗಳ ನಡುವೆ ಹಾಕಬೇಕು. ಅವುಗಳ ಮೈಗೆ ಒತ್ತಿಕೊಂಡು ಮಲಗಿ, ಅವುಗಳ ವಾಸನೆಯೇ ತನ್ನವರ ವಾಸನೆ ಎಂದು ತಿಳಿದು ಅದು ಬೆಳೆಯಬೇಕು. ಮನುಷ್ಯರು ಊಟ ಹಾಕಿ ಬೆನ್ನು ತಿರುಗಿಸಿ ಬರಬೇಕು, ಅಷ್ಟೆ. ಒಮ್ಮೆ ಕೈಯ ರುಚಿ ಹತ್ತಿತೋ, ಅದು ಅಡುಗೆಮನೆಯ ಬಾಗಿಲಲ್ಲಿ ಬಿದ್ದುಕೊಳ್ಳುತ್ತದೆ. ಅತ್ತ ನರಿ ತನ್ನ ಕೆಲಸ ಮುಗಿಸಿಕೊಂಡು ಹೋಗುತ್ತದೆ.

ನರಿಗಳ ವಿಷಯ ನೀಬಿಯಾಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹಿಂದಿನ ವಸಂತದಲ್ಲಿ ಹುಟ್ಟಿದ ಕುರಿಮರಿಗಳಲ್ಲಿ ಅರ್ಧಕ್ಕರ್ಧ ನರಿಗಳ ಪಾಲು, ದಿಕ್ಕಿಲ್ಲದ ನಾಯಿಗಳ ಪಾಲು ಆಗಿದ್ದವು. ಗಂಡ ಆದೆಮಾರ್ ದೂರದ ದೊಡ್ಡ ಎಸ್ಟೇಟಿನಲ್ಲಿ ಕೆಲಸದಾಳು, ಶನಿವಾರ ಬಂದರೆ ಸೋಮವಾರ ಬೆಳಿಗ್ಗೆ ಹೊರಟುಬಿಡುವವನು. "ಈ ಸಲವೂ ಹಿಂಗೇ ಆದ್ರೆ ಕುರಿ ಎಲ್ಲ ಮಾರಿಬಿಡೋಣ. ಪಟ್ಟಣದಲ್ಲಿ ಬಾಡಿಗೆ ಕೋಣೆ ಹಿಡಿಯೋಣ," ಎಂದಿದ್ದ. ಆ ಕುರಿಗಳು ನೀಬಿಯಾಳ ತವರಿನವು. ಅವಳಿಗೆ ಪಟ್ಟಣ ಬೇಡವಾಗಿತ್ತು.

ಇದನ್ನೆಲ್ಲ ಗೇಟಿನ ಹೊರಗೆ ನಿಂತೇ ಹೇಳಿದಳು. ಓರ್ಫಿಲಿಯಾ ಕೇಳಿಸಿಕೊಂಡಳು. ಆಮೇಲೆ ಬಗ್ಗಿ ರೊಮೀನಾಳ ಮುಖಕ್ಕೆ ಮುಖ ಕೊಟ್ಟು, "ಮುಟ್ಟಲ್ಲ ಅಂತ ಹೇಳು," ಎಂದಳು.

"ಮುಟ್ಟಲ್ಲ."

"ಹೆಸರೂ ಇಡಬಾರದು. ಹೆಸರಿಟ್ರೆ ಕರೀತೀಯ, ಕರೆದ್ರೆ ಬರುತ್ತೆ. ಬೇಸಿಗೆಗೆ ಉಣ್ಣೆ ಕತ್ತರಿಸೋ ತನಕ ನಾನು ಬಂದು ನೋಡ್ತಾ ಇರ್ತೀನಿ. ಕೆಡಿಸಿದ್ದು ಕಂಡ್ರೆ ಅವತ್ತೇ ವಾಪಸ್ ಒಯ್ತೀನಿ. ಅಳೋದು ಕರೆಯೋದು ನಡೆಯಲ್ಲ."

"ಸರಿ ಅಜ್ಜಿ," ಎಂದಳು ಹುಡುಗಿ. ಓರ್ಫಿಲಿಯಾ ಆ 'ಸರಿ'ಯನ್ನು ನಂಬಿದಂತೆ ಕಾಣಲಿಲ್ಲ. ಆದರೂ ಒಂದು ಮರಿ ಕೊಟ್ಟಳು.

ನೀಬಿಯಾಳ ಮನೆಯಲ್ಲಿ, ಹಲಗೆ ಬಡಿದು ಮಾಡಿದ ಸಣ್ಣ ದೊಡ್ಡಿಯಲ್ಲಿ ನಾಲ್ಕೈದು ಎಳೆ ಕುರಿಗಳ ಜೊತೆ ಮರಿಯನ್ನು ಬಿಟ್ಟದ್ದು ಚಳಿಗಾಲದ ನಡುವಿನಲ್ಲಿ. ಮೊದಲ ದಿನ ಅದು ಮೂಲೆಗೆ ಒತ್ತಿಕೊಂಡು ಕುಂಯ್‌ಗುಟ್ಟಿತು. ಕುರಿಗಳು ಕಾಲು ಅಪ್ಪಳಿಸಿ ಹೆದರಿಸಿದವು. ಕೆಲವು ದಿನ ಕಳೆದು, ನೆಲದ ಮೇಲೆ ಇಬ್ಬನಿ ಹೆಪ್ಪುಗಟ್ಟಿದ್ದ ಒಂದು ಬೆಳಿಗ್ಗೆ ನೀಬಿಯಾ ಹೋಗಿ ನೋಡಿದಾಗ, ಮರಿ ಎರಡು ಕುರಿಗಳ ಹೊಟ್ಟೆಯ ನಡುವೆ ಹೂತುಕೊಂಡು ಮಲಗಿತ್ತು. ಮೂಗು ಮಾತ್ರ ಹೊರಗೆ. ಅವಳು ಬೋಗುಣಿ ಇಟ್ಟು, ಹೇಳಿಕೊಟ್ಟಂತೆ ಬೆನ್ನು ತಿರುಗಿಸಿ ಬಂದಳು. ಅವಳು ಬಂದದ್ದಕ್ಕೂ ಹೋದದ್ದಕ್ಕೂ ಅದು ಕಿವಿಯನ್ನು ಕೂಡ ಅಲ್ಲಾಡಿಸಲಿಲ್ಲ.

ಓರ್ಫಿಲಿಯಾ ಹೇಳಿದ ಮಾತಿನಂತೆ ವಾರವಾರವೂ ಬರುತ್ತಿದ್ದಳು. ತನ್ನ ಕಂದು ಹೆಣ್ಣುಕುದುರೆಯನ್ನು ಗೇಟಿಗೆ ಕಟ್ಟಿ, ಮನೆಗೂ ಬಾರದೆ ನೇರವಾಗಿ ದೊಡ್ಡಿಗೆ ಹೋಗುತ್ತಿದ್ದಳು. ಬಕೆಟ್ ಬೋರಲು ಹಾಕಿ ಕೂತು, ಮರಿಯನ್ನು ತೊಡೆಯ ಮೇಲೆ ಎಳೆದುಕೊಂಡು, ಕಿವಿ ಮಡಚಿ ಉಣ್ಣೆಹುಳು ಹುಡುಕಿ, ಹೊಟ್ಟೆ ಸವರಿ ಜಂತುಹುಳುವಿನ ಉಬ್ಬರ ಇದೆಯೇ ನೋಡಿ, ಹುರಿದ ಕೊಬ್ಬಿನ ತುಂಡೊಂದನ್ನು ಬಾಯಿಗಿಟ್ಟು ಅದು ಅಗಿಯುವಾಗ ಹಲ್ಲು ಪರೀಕ್ಷಿಸುತ್ತಿದ್ದಳು. ಅಷ್ಟಾದ ಮೇಲೆಯೇ ಅಡುಗೆಮನೆಗೆ ಬಂದು, ಒಲೆಯ ಪಕ್ಕ ಕೂತು, ನೀಬಿಯಾ ಕೊಟ್ಟ ಸೋರೆಬುರುಡೆಯಿಂದ ಬಿಸಿ ಕಷಾಯ ಹೀರುತ್ತ ಮಕ್ಕಳ ಕೈಗಳನ್ನು ನೋಡುತ್ತಿದ್ದಳು.

ಮೂರನೆಯದೋ ನಾಲ್ಕನೆಯದೋ ಭೇಟಿಯಲ್ಲಿ ಕಷಾಯ ಬೇಡವೆಂದಳು.

"ಹಲಗೆ ಮೇಲೆ ಮುಂಗಾಲು ಇಟ್ಕೊಂಡು ಕಾಯ್ತಾ ನಿಂತಿತ್ತು. ಬಾಲ ಬೇರೆ ಆಡಿಸ್ತು. ಯಾರು ಆಡಿಸ್ತಿದ್ದಾರೆ ಅದನ್ನ?"

"ಯಾರೂ ಇಲ್ಲ ದೋನ್ಯಾ. ನಾನು ಹೋದ್ರೆ ತಿರುಗಿ ಕೂಡ ನೋಡಲ್ಲ."

"ನೀನು ಹೋದ್ರೆ ನೋಡಲ್ಲ. ಯಾರು ಹೋದ್ರೆ ನೋಡುತ್ತೆ ಅಂತ ನಾನು ಕೇಳ್ತಿರೋದು." ಅವಳ ಕಣ್ಣು ರೊಮೀನಾಳ ಮೇಲಿತ್ತು. ಹುಡುಗಿ ತಟ್ಟೆಯಲ್ಲಿದ್ದ ಕುಂಬಳಕಾಯಿಯನ್ನು ಚಮಚದಿಂದ ಸುಮ್ಮನೆ ಮೆತ್ತಗೆ ಮಾಡುತ್ತಿದ್ದಳು.

ಆ ಪ್ರಶ್ನೆ ನೀಬಿಯಾಳ ತಲೆಯೊಳಗೆ ಹೊಕ್ಕು ಕೂತಿತು. ಅಲ್ಲಿಂದ ಅವಳು ಮಗಳನ್ನು ಬೇರೆ ಕಣ್ಣಿನಿಂದ ನೋಡತೊಡಗಿದಳು. ಶಾಲೆಯಿಂದ ಬಂದವಳು ಬಟ್ಟೆ ಒಣಗಿಸುವ ತಂತಿಯ ಹತ್ತಿರ ಯಾಕೆ ಅಷ್ಟು ಹೊತ್ತು ನಿಲ್ಲುತ್ತಾಳೆ? ಅಲ್ಲಿಂದ ದೊಡ್ಡಿ ಕಾಣುತ್ತದೆ. ಊಟದಲ್ಲಿ ಕುರಿಮಾಂಸದ ಮೂಳೆಯನ್ನು ತಟ್ಟೆಯ ಅಂಚಿಗೆ ಯಾಕೆ ಸರಿಸಿದಳು? ಸ್ವೆಟರಿನ ತೋಳಿನಲ್ಲಿ ಬಿಳಿ ಕೂದಲು ಸಿಕ್ಕಿತು. ಬೆರಳಲ್ಲಿ ಹೊಸೆದು ನೋಡಿದರೆ ಕುರಿಯದೋ ನಾಯಿಯದೋ ಹೇಳಲು ಬರಲಿಲ್ಲ. ಮಗಳು ನಿದ್ದೆ ಹೋದಾಗ ಅವಳ ಅಂಗೈ ಮೂಸಿದಳು. ಕುರಿಯ ಜಿಡ್ಡಿನ ವಾಸನೆ. ಆ ಮನೆಯಲ್ಲಿ ಯಾರ ಅಂಗೈ ಮೂಸಿದರೂ ಅದೇ.

"ನಿಜ ಹೇಳು. ದೊಡ್ಡಿಗೆ ಹೋಗ್ತೀಯಾ?"

"ಇಲ್ಲಮ್ಮ."

"ಮರಿ ಮುಟ್ಟಿದ್ದೀಯಾ?"

"ಇಲ್ಲ ಅಂದೆನಲ್ಲ."

"ಮತ್ತೆ ಮುಖ ಯಾಕೆ ಕೆಂಪಾಯ್ತು?"

"ನೀನು ಹಂಗೆ ನೋಡ್ತೀಯಲ್ಲ, ಅದಕ್ಕೆ."

ತಿರುಗಿ ಮಾತಾಡಿದ್ದಕ್ಕೆ ಒಂದು ಏಟು ಬಿತ್ತು. ತಂತಿಯಿಂದಾಚೆ ಕಾಲಿಡಕೂಡದೆಂದು ಕಟ್ಟಪ್ಪಣೆಯೂ ಆಯಿತು. ರೊಮೀನಾ ಅಳಲಿಲ್ಲ. ಲೌತಾರೊ ಅವಳ ಬದಲಿಗೆ ಅತ್ತ. ಅಂದಿನಿಂದ ಹುಡುಗಿ ತಾಯಿ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತಿದ್ದಳು.

ಮುಂದಿನ ವಾರ ಬ್ರೆಡ್ಡಿನ ಗಾಡಿಯವನು ಒಂದು ಸುದ್ದಿ ತಂದ. ಎಸ್ಟೇಟಿನ ಮ್ಯಾನೇಜರು ಓರ್ಫಿಲಿಯಾಳ ಹತ್ತಿರ ಮರಿ ಕೇಳಿದ್ದನಂತೆ, ಅಷ್ಟು ಹೊತ್ತಿಗೆ ಅವಳಲ್ಲಿ ಒಂದೂ ಉಳಿದಿರಲಿಲ್ಲವಂತೆ.

ಶನಿವಾರ ಬಂದ ಆದೆಮಾರ್ ಇದನ್ನು ಕೇಳಿ ತೊಡೆ ತಟ್ಟಿದ. "ಹಂಗನ್ನು! ಮುದುಕಿ ತನ್ನ ಮರಿ ತಾನೇ ವಾಪಸ್ ಕಿತ್ಕೊಳ್ಳೋಕೆ ದಾರಿ ಹುಡುಕ್ತಿದ್ದಾಳೆ. ಬಾಲ ಆಡಿಸ್ತಂತೆ! ಬಾಲ ಇರೋದೇ ಆಡಿಸೋಕೆ."

"ಅವಳು ಅಂಥವಳಲ್ಲ."

"ಹಂಗಾದ್ರೆ ನಿನ್ನ ಮಗಳು ಸುಳ್ಳಿ. ಇಬ್ಬರಲ್ಲಿ ಒಬ್ಬರನ್ನ ಆರಿಸ್ಕೋ."

ನೀಬಿಯಾ ಯಾರನ್ನೂ ಆರಿಸಲಿಲ್ಲ. ಇಬ್ಬರ ಮೇಲೂ ಅನುಮಾನ ಪಡುವುದೇ ಅವಳಿಗೆ ಸುಲಭವಾಗಿ ಕಂಡಿತು.

ಭಾನುವಾರ ಬೆಳಿಗ್ಗೆ ಓರ್ಫಿಲಿಯಾ ಬಂದಳು. ಆ ದಿನ ಕುದುರೆಯ ಜೀನಿಗೆ ಒಂದು ಖಾಲಿ ಗೋಣಿಚೀಲ ಕಟ್ಟಿತ್ತು. ಎಲ್ಲರೂ ಅದನ್ನು ನೋಡಿದರು. ದೊಡ್ಡಿಗೆ ಹೋಗಿ ಬಂದು, "ಇವತ್ತು ನನ್ನ ಹೆಜ್ಜೆ ಸಪ್ಪಳಕ್ಕೇ ಕುಣಿದಾಡ್ತು. ಮನುಷ್ಯರ ಹುಚ್ಚು ಹತ್ತಿಬಿಟ್ಟಿದೆ. ಒಯ್ತೀನಿ," ಎಂದಳು.

"ಎಲ್ಲಿಗೆ, ಎಸ್ಟೇಟಿಗಾ?" ಎಂದ ಆದೆಮಾರ್.

ಮುದುಕಿ ಅವನ ಕಡೆ ತಿರುಗಿದಳು. "ನಿಮ್ಮಪ್ಪ ಇಂಥ ಮಾತು ಆಡ್ತಿರಲಿಲ್ಲ ಆದೆಮಾರ್. ಸರಿ, ನನ್ನ ಮಾತೂ ಬೇಡ, ನಿನ್ನ ಮಾತೂ ಬೇಡ. ಮರಿನೇ ಹೇಳಲಿ."

ಅವಳು ಹೇಳಿದ ಪರೀಕ್ಷೆ ಸರಳವಾಗಿತ್ತು. ದೊಡ್ಡಿಯ ಬಾಗಿಲು ತೆಗೆದು ಕುರಿಗಳನ್ನು ಗುಡ್ಡದ ಕಡೆಗೆ ಬಿಡುವುದು. ಮನೆಯವರು ಮನೆ ಕಡೆಗೆ ನಡೆಯುವುದು. ಅವಳು ಗೇಟಿನ ಹತ್ತಿರ ಕುದುರೆಯ ಕಡೆಗೆ ಹೋಗುವುದು. ಯಾರೂ ಕರೆಯಕೂಡದು, ತಿರುಗಿ ನೋಡಕೂಡದು. "ಕುರಿ ಹಿಂದೆ ಹೋದ್ರೆ ಅದು ನಿಮ್ಮದು, ಇನ್ನು ನಾನು ಸೊಲ್ಲೆತ್ತಲ್ಲ. ಈ ಹುಡುಗಿ ಹಿಂದೆ ಬಂದ್ರೆ ಗೋಣಿಚೀಲಕ್ಕೆ."

ಆದೆಮಾರ್ ಅಗುಳಿ ತೆಗೆದ. ಕುರಿಗಳು ಒಂದನ್ನೊಂದು ತಳ್ಳುತ್ತ ಹೊರಬಿದ್ದು ಇಳಿಜಾರಿನ ಹುಲ್ಲಿನ ಕಡೆಗೆ ಹೊರಟವು. ನೀಬಿಯಾ ಲೌತಾರೊನ ಕೈ ಹಿಡಿದು ನಡೆದಳು. ರೊಮೀನಾ ಅವರಿಗಿಂತ ಮುಂದೆ, ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಯಾರೋ ಅಟ್ಟಿಸಿಕೊಂಡು ಬರುತ್ತಿದ್ದಾರೆ ಎಂಬಂತೆ ಹೋಗುತ್ತಿದ್ದಳು. ಆ ನಡಿಗೆಯನ್ನು ನೀಬಿಯಾ ಕಂಡಳು. ತಪ್ಪಿಲ್ಲದವರು ಹೀಗೆ ನಡೆಯುವುದಿಲ್ಲ ಅನ್ನಿಸಿತು. ಹಿಂದೆ ಪುಟ್ಟ ಪಾದಗಳ ಸದ್ದು ಈಗ ಕೇಳುತ್ತದೆ, ಈಗ ಕೇಳುತ್ತದೆ ಎಂದು ಕಿವಿಗೊಟ್ಟುಕೊಂಡೇ ನಡೆದಳು. ನೀಲಗಿರಿ ಮರಗಳಲ್ಲಿ ಗಾಳಿಯ ಸದ್ದು ಬಿಟ್ಟರೆ ಬೇರೇನೂ ಕೇಳಲಿಲ್ಲ.

ತಿರುಗಿ ನೋಡಿದವನು ಲೌತಾರೊ. ನಾಲ್ಕು ವರ್ಷದವನಿಗೆ ಷರತ್ತು ಯಾರು ಹಾಕುತ್ತಾರೆ?

"ಅಮ್ಮಾ! ಅಜ್ಜಿ ಹಿಂದೆ ಹೋಗ್ತಿದೆ!"

ರೊಮೀನಾ ನಿಲ್ಲಲಿಲ್ಲ. ಅಡುಗೆಮನೆಯ ಒಳಗೆ ಹೋಗಿ ಬಾಗಿಲು ಎಳೆದುಕೊಂಡಳು. ಉಳಿದವರು ತಿರುಗಿದರು. ಓರ್ಫಿಲಿಯಾ ಕುದುರೆಯ ಕಡೆ ಮುಖ ಮಾಡಿ ಬಿರಬಿರನೆ ನಡೆಯುತ್ತಿದ್ದಳು. ಅವಳ ಉದ್ದ ಬೂಟುಗಳ ಹಿಂದೆಯೇ ಬಿಳಿ ಮರಿ ಕುಪ್ಪಳಿಸುತ್ತಿತ್ತು. ಹುಡುಗನ ಕೂಗಿಗೆ ಅವಳು ನಿಂತಳು. ಮರಿ ಅವಳ ಮುಂದೆ ಬಂದು, ಮಂಡಿಯ ಮೇಲೆ ಮುಂಗಾಲಿಟ್ಟು, ತಲೆ ಎತ್ತಿ ಬಾಯಿ ತೆರೆಯಿತು. ಹಲ್ಲು ತೋರಿಸಿ, ಕೊಬ್ಬಿನ ತುಂಡಿಗಾಗಿ ಕಾದು ನಿಂತಿತು.

ಆದೆಮಾರ್ ಮೊದಲು ನಕ್ಕ. ಆಮೇಲೆ ಹೆಂಡತಿಯ ಮುಖ ನೋಡಿ ನಗು ನಿಲ್ಲಿಸಿದ.

"ನನ್ನ ಬಟ್ಟೆಲಿ ಅದರ ತಾಯಿ ವಾಸನೆ ಇದೆ, ಅದಕ್ಕೆ ಬಂತು," ಎಂದಳು ಓರ್ಫಿಲಿಯಾ.

"ಇರಬಹುದು," ಎಂದಳು ನೀಬಿಯಾ. "ವಾರವಾರ ತೊಡೆ ಮೇಲೆ ಹಾಕ್ಕೊಂಡು ಹೊಟ್ಟೆ ಸವರಿದವರು ಯಾರು ದೋನ್ಯಾ? ನಾವ್ಯಾರೂ ಅಲ್ಲ. ನಮ್ಮ ಕಣ್ಣೆದುರಿಗೇ ಕೂತು ಸವರಿದ್ರಿ. ನಮಗೂ ಹೊಳೀಲಿಲ್ಲ."

"ನಾನು ಪರೀಕ್ಷೆ ಮಾಡ್ತಿದ್ದೆ!"

"ಮರಿಗೆ ಹಂಗಂತ ಯಾರು ಹೇಳಬೇಕು?"

ಮುದುಕಿ ಬಗ್ಗಿ ಮರಿಯನ್ನು ಎತ್ತಲು ಹೋದವಳು, ಮುಟ್ಟುವ ಮೊದಲೇ ಕೈ ಹಿಂದಕ್ಕೆ ತೆಗೆದುಕೊಂಡಳು. ಆ ಕೈಯನ್ನು ಎಲ್ಲಿಡಬೇಕೆಂದು ಅವಳಿಗೆ ಸ್ವಲ್ಪ ಹೊತ್ತು ತಿಳಿಯಲಿಲ್ಲ. ಕೊನೆಗೆ ಕುದುರೆ ಏರಿದಳು. ಮರಿ ಗೇಟಿನ ತನಕ ಹೋಗಿ, ಸರಳುಗಳ ನಡುವೆ ಮೂತಿ ತೂರಿಸಿ ಕುಂಯ್‌ಗುಟ್ಟಿತು. ಇಳಿಜಾರಿನಲ್ಲಿ ಒಂದು ಕುರಿ ಅರಚಿತು. ಮರಿ ತಿರುಗಿತು, ಗೇಟನ್ನೊಮ್ಮೆ, ಗುಡ್ಡವನ್ನೊಮ್ಮೆ ನೋಡಿತು. ಇನ್ನೊಂದು ಕುರಿ ಅರಚಿದಾಗ ಅತ್ತ ಓಡಿತು.

"ಇನ್ನೂ ಎಳೇದು. ತಿದ್ದಬಹುದು," ಎಂದಳು ಓರ್ಫಿಲಿಯಾ ಕುದುರೆಯ ಮೇಲಿಂದ. "ಇಲ್ಲೇ ಇರಲಿ. ನಾನಿನ್ನು ರಸ್ತೆಯಿಂದಲೇ ಕೇಳ್ಕೊಂಡು ಹೋಗ್ತೀನಿ." ಸ್ವಲ್ಪ ದೂರ ಹೋದವಳು ಕುದುರೆ ನಿಲ್ಲಿಸಿ, "ಎಸ್ಟೇಟಿನವನಿಗೆ ನಾನು ಇಲ್ಲ ಅಂದಿದ್ದೆ. ಅದೂ ಗೊತ್ತಿರಲಿ," ಎಂದು ಕೂಗಿದಳು.

ಅಡುಗೆಮನೆಯಲ್ಲಿ ರೊಮೀನಾ ಗೋಡೆಗೆ ಮುಖ ಮಾಡಿ ಬೆಂಚಿನ ಮೇಲೆ ಕೂತಿದ್ದಳು. ಕೈಗಳು ಇನ್ನೂ ಕಂಕುಳಲ್ಲೇ ಇದ್ದವು.

"ಅದು ನಿನ್ನ ಹಿಂದೆ ಬರಲಿಲ್ಲ," ಎಂದಳು ನೀಬಿಯಾ.

"ಬರಲೇ ಇಲ್ವಾ?" ಹುಡುಗಿಯ ದನಿಯಲ್ಲಿ ಸಮಾಧಾನಕ್ಕಿಂತ ಬೇರೆ ಏನೋ ಇತ್ತು.

"ಅಜ್ಜಿ ಹಿಂದೆ ಹೋಯ್ತು. ಈಗ ಕುರಿ ಜೊತೆ ಇದೆ. ನಮ್ಮಲ್ಲೇ ಇರುತ್ತೆ." ನೀಬಿಯಾ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು. ಇಂಥ ಮಾತು ಆಡಿ ಅವಳಿಗೆ ಅಭ್ಯಾಸವಿರಲಿಲ್ಲ. ಏಪ್ರನ್ನಿನ ಅಂಚನ್ನು ಮಡಚಿದಳು, ಬಿಚ್ಚಿದಳು. "ನಿನ್ನ ಹೊಡೆದದ್ದು ತಪ್ಪಾಯ್ತು. ನೀನು ಹೇಳಿದ್ದನ್ನ ನಾನು ನಂಬಬೇಕಿತ್ತು."

ರೊಮೀನಾ ಗೋಡೆಯನ್ನೇ ನೋಡುತ್ತ ಯೋಚಿಸಿದಳು. "ಇನ್ನು ಮೇಲೆ ನಂಬ್ತೀಯಾ?"

"ನಂಬ್ತೀನಿ."

"ಏನು ಹೇಳಿದ್ರೂ?"

"ಏನು ಹೇಳಿದ್ರೂ."

"ಹಂಗಾದ್ರೆ ಹೇಳ್ತೀನಿ. ಒಂದ್ಸಲ ಮುಟ್ಟಿದ್ದೆ. ತಂದ ದಿನ. ಕಿವಿ ಮಾತ್ರ, ಹಲಗೆ ಸಂದಿಯಿಂದ. ಒಂದೇ ಸಲ."

ನೀಬಿಯಾ ಮಗಳ ಕಡೆ ತಿರುಗಿದಳು. ಹುಡುಗಿಯೂ ಈಗ ಅವಳನ್ನೇ ನೋಡುತ್ತಿದ್ದಳು, ರೆಪ್ಪೆ ಹೊಡೆಯದೆ. ಒಂದೇ ಸಲವಾ, ನಿಜವಾಗಿಯೂ ಒಂದೇ ಸಲವಾ ಎಂಬ ಪ್ರಶ್ನೆ ನೀಬಿಯಾಳ ನಾಲಿಗೆಯ ತುದಿಗೆ ಬಂದು ನಿಂತಿತು. ಹೊರಗೆ ಆದೆಮಾರ್ ಬೂಟಿನ ಕೆಸರು ಕೊಡವುತ್ತಿದ್ದ ಸದ್ದು. "ಏನಂತಾಳೆ ಅವಳು?" ಎಂದು ಅಲ್ಲಿಂದಲೇ ಕೇಳಿದ.

"ಏನಿಲ್ಲ," ಎಂದಳು ನೀಬಿಯಾ. ಮಗಳಿಗೆ, "ಸರಿ. ಒಂದೇ ಸಲ," ಎಂದು ಹೇಳಿ, ತಾನು ಇನ್ನೇನೂ ಕೇಳಿಬಿಡಬಾರದೆಂದು ಎದ್ದು ಹೋಗಿ ಒಲೆಗೆ ಕಟ್ಟಿಗೆ ಒಟ್ಟತೊಡಗಿದಳು.