ಚೇವುಲಕರ ಡಾಕ್ಟರರ ಗೋರಿಗೆ ಹೋಗುವ ದಾರಿ

ಆಳಂದದ ಉತ್ಸವ ಕಮಿಟಿಯವರು ಪಾರಂಪರಿಕ ನಡಿಗೆಯ ಹೊಣೆಯನ್ನು ಸುಮಂಗಲಾಗೆ ಒಪ್ಪಿಸಿದಾಗ, ಏನೇನು ತೋರಿಸಬೇಕೆಂಬ ಪಟ್ಟಿಯನ್ನೂ ನೀವೇ ಮಾಡಿ ಎಂದಿದ್ದರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತಳಾದವಳು ಅವಳು. ಮಿಶನ್ನಿನವರ ಹಳೇ ಚರ್ಚು, ಪೇಟೆ ಹಿಂದಿನ ಕಲ್ಲಿನ ಮಸೀದಿ, ಹತ್ತಿ ಮಿಲ್ಲಿನ ಆವರಣದೊಳಗಿರುವ ಯಹೂದಿ ಡಾಕ್ಟರರ ಗೋರಿ ಎಂದು ಬರೆದುಕೊಟ್ಟಳು.

ಮರುದಿನವೇ ಕಮಿಟಿ ಅಧ್ಯಕ್ಷ, ವಕೀಲ ನಂದಕಿಶೋರ ಅವಳನ್ನು ಮನೆಗೆ ಕರೆಸಿದರು. ಚಹಾ ಕೊಟ್ಟು, ಪಟ್ಟಿಯನ್ನು ಮೇಜಿನ ಮೇಲೆ ಬೋರಲು ಇಟ್ಟರು.

"ಈಗಿನ ಹವಾ ಚೊಲೊ ಇಲ್ರಿ ಮೇಡಂ. ಸುಮ್ನೆ ಲಫಡಾ ಯಾಕ? ಊರ ಕೋಟೆ ಗ್ವಾಡಿ ತೋರಿಸಿ ಮುಗಿಸಿಬಿಡ್ರಿ."

"ಕೋಟೆ ಗ್ವಾಡಿ ಎಲ್ಲರೂ ದಿನಾ ನೋಡ್ತಾರ್ರಿ. ಗೊತ್ತಿಲ್ಲದ್ದು ತೋರಸ್ಲಿಕ್ಕೆ ನನ್ನ ಕರದೀರಿ ಅಂತ ತಿಳಕೊಂಡಿದ್ದೆ."

"ಯಾವನೋ ಯಹೂದಿ ಗೋರಿ ನೋಡಿ ಮಂದಿಗೆ ಏನಾಗಬೇಕಾಗ್ಯದ?"

ಉತ್ತರ ಅವಳ ಬಳಿ ಇತ್ತು. ನಿಜಾಮರ ಕಾಲದಲ್ಲಿ ಅವಳ ಅಜ್ಜಿ ಅಂಬುಬಾಯಿಗೆ ಜ್ವರ ಏರಿದಾಗ ಕಿಣ್ಣಿ ಸುಲ್ತಾನ ಹಳ್ಳಿಯಿಂದ ಬಂಡಿಯಲ್ಲಿ ಆಳಂದಕ್ಕೆ ತಂದಿದ್ದರು. ಬೇರೆ ವೈದ್ಯರೆಲ್ಲ ಕೇರಿಯವರಿಗೆ ಔಷಧಿಯನ್ನು ಅಂಗಳದಲ್ಲಿಟ್ಟು ದೂರ ಸರಿಯುತ್ತಿದ್ದರು. ಕೊಂಕಣದ ಕಡಲ ದಂಡೆಯಿಂದ ಬಂದಿದ್ದ ಈ ಯಹೂದಿ, ಚೇವುಲಕರ ಡಾಕ್ಟರು ಮಾತ್ರ ಅಜ್ಜಿಯನ್ನು ಒಳಗೆ ಕರೆದು, ಮಂಚದ ಮೇಲೆ ಮಲಗಿಸಿ, ಕೈ ಹಿಡಿದು ನಾಡಿ ನೋಡಿದ್ದರು. ಕೇರಿಯ ಹೊರಗಿನ ಮನುಷ್ಯನೊಬ್ಬ ತನ್ನನ್ನು ಮುಟ್ಟಿದ್ದು ಅದೇ ಮೊದಲು ಎಂದು ಅಜ್ಜಿ ಸಾಯುವ ತನಕ ಹೇಳುತ್ತಿದ್ದಳು. ಆ ಮಾತನ್ನು ವಕೀಲರ ಮುಂದಿಟ್ಟು ಅಪ್ಪಣೆ ಬೇಡಲು ಸುಮಂಗಲಾಗೆ ಮನಸ್ಸಾಗಲಿಲ್ಲ.

"ಪಟ್ಟಿ ಬದಲಾಗಂಗಿಲ್ರಿ," ಎಂದು ಎದ್ದು ಬಂದಳು.

ಸಂಜೆಯೊಳಗೆ ಊರಿನ ಫೋನುಗಳಿಗೆಲ್ಲ ಸಂದೇಶ ಹೋಯಿತು: ನಡಿಗೆ ರದ್ದು.

ಭಾನುವಾರ ಬೆಳಿಗ್ಗೆ ಏಳಕ್ಕೆ ಸುಮಂಗಲಾ ಚರ್ಚಿನ ಗೇಟಿನ ಮುಂದೆ ನಿಂತಿದ್ದಳು. ಹದಿನಾಲ್ಕು ಮಂದಿ ಬಂದರು. ಒಬ್ಬ ಪೊಲೀಸನೂ ಬಂದ.

"ಪರವಾನಗಿ ಅದ ಏನ್ರಿ ಬಾಯಿ?"

"ರಸ್ತಾದಾಗ ನಡಿಲಿಕ್ಕೂ ಪರವಾನಗಿ ಬೇಕೇನ್ರಿ? ನೀವೂ ಬರ್ರಿ, ನೋಡ್ರಿ ನಾವ್ ಏನ್ ಮಾಡ್ತೇವಿ."

ಅವನು ಲಾಠಿ ಕಂಕುಳಲ್ಲಿಟ್ಟುಕೊಂಡು ಹಿಂದೆ ಹಿಂದೆ ನಡೆದ.

ಚರ್ಚಿನ ಅಂಗಳದಲ್ಲಿ ಎಲ್ಲ ಜಾತಿಯವರೂ ನೀರು ಸೇದಿದ ಬಾವಿಯನ್ನು ಅವಳು ತೋರಿಸಿದಳು. ಮಸೀದಿಯಲ್ಲಿ ಅದರ ಆಡಳಿತ ನೋಡಿಕೊಳ್ಳುವ ಮುತವಲ್ಲಿ ಮುಸ್ತಕೀಮ ಸಾಹೇಬರು ಬಾಗಿಲ ಮೇಲಿನ ಫಾರ್ಸಿ ಅಕ್ಷರಗಳನ್ನು ಓದಿ ಅರ್ಥ ಹೇಳಿದರು. ಮಿಲ್ಲಿಗೆ ಬಂದರೆ ಗೇಟಿಗೆ ಹೊಸ ಬೀಗ.

"ತೆಗಿಬ್ಯಾಡ ಅಂದಾರ್ರಿ," ಎಂದ ಕಾವಲುಗಾರ, ನೆಲ ನೋಡುತ್ತ.

ಗುಂಪು ಸಪ್ಪಗಾಯಿತು. ಇಬ್ಬರು ಮನೆಯ ದಾರಿ ಹಿಡಿದರು. ಆಗ ಗುಂಪಿನಲ್ಲಿದ್ದ ಹಜರಾಬಿ ಮುಂದೆ ಬಂದಳು. ಪ್ರತಿ ವರ್ಷ ಆ ಗೋರಿಗೆ ಸುಣ್ಣ ಬಳಿಯುವ ಮುದುಕಿ ಅವಳು. ಅವಳ ತಾಯಿ ಡಾಕ್ಟರರ ದವಾಖಾನೆಯಲ್ಲಿ ಕಸ ಹೊಡೆಯುತ್ತಿದ್ದಳು.

"ಹಿಂದಿನ ಗ್ವಾಡಿ ಎದಿಮಟ ಅದ ಟೀಚರಬಾಯಿ. ಹತ್ತೀರೇನು?"

ಸುಮಂಗಲಾಗೆ ಅರವತ್ತೊಂದು. ಮೊಣಕಾಲು ನೋವು ಬೇರೆ. ಮಿಲ್ಲಿನ ಹಿಂಬದಿಗೆ ಹೋಗಿ ಸೀರೆಯನ್ನು ಎತ್ತಿ ಕಚ್ಚೆ ಬಿಗಿದಳು, ಚಪ್ಪಲಿ ಆಚೆಗೆ ಎಸೆದಳು, ಗೋಡೆ ಹತ್ತಿದಳು. ಮೊಣಕೈ ತರಚಿ ರಕ್ತ ಬಂತು. ಮೇಲೆ ಕೂತು ತಿರುಗಿ ನೋಡಿದಳು. ಪೊಲೀಸ ಬೇವಿನ ಗಿಡದ ಕಡೆ ಮುಖ ಮಾಡಿ ನಿಂತಿದ್ದ.

"ಬರವರು ಬರ್ರಿ," ಎಂದಳು.

ಒಬ್ಬೊಬ್ಬರಾಗಿ ಹನ್ನೊಂದು ಮಂದಿ ಹತ್ತಿ ಇಳಿದರು. ಹಜರಾಬಿಯನ್ನು ಇಬ್ಬರು ಎತ್ತಿ ದಾಟಿಸಿದರು. ಬಿಳಿ ಗೋರಿಯ ಮೇಲೆ ಹೀಬ್ರೂ ಅಕ್ಷರ, ಅದರ ಕೆಳಗೆ ಮರಾಠಿ. ಸುಮಂಗಲಾ ಮರಾಠಿಯ ಸಾಲನ್ನು ಓದಿದಳು. ಆಮೇಲೆ ಅಜ್ಜಿಯ ಕಥೆಯನ್ನು ಹೇಳಿದಳು, ತನ್ನ ಕೇರಿಯ ಹೆಸರನ್ನೂ ಜಾತಿಯ ಹೆಸರನ್ನೂ ಬಿಡದೆ. ಇಷ್ಟು ವರ್ಷ ತರಗತಿಯಲ್ಲಿ ಅವಳು ಅದನ್ನು ಒಮ್ಮೆಯೂ ಹೇಳಿರಲಿಲ್ಲ.

ಮಧ್ಯಾಹ್ನ ನಂದಕಿಶೋರರ ಫೋನು ಬಂತು. "ಇನ್ಮ್ಯಾಲ ಕಮಿಟಿಯೊಳಗ ನಿಮ್ಮ ಹೆಸರು ಇರಂಗಿಲ್ರಿ."

"ಬ್ಯಾಡ್ರಿ. ಮುಂದಿನ ಐತವಾರ ಮತ್ತ ನಡಿಯಾಕ ಹೊಂಟೇನಿ. ನೀವೂ ಬರ್ರಿ."

ಅವರು ಬರಲಿಲ್ಲ. ಮೂವತ್ತೊಂದು ಮಂದಿ ಬಂದರು. ಮಿಲ್ಲಿನ ಗೇಟಿಗೆ ಬೀಗ ಹಾಗೆಯೇ ಇತ್ತು. ಹಿಂದಕ್ಕೆ ಹೋಗಿ ನೋಡಿದರೆ, ಗೋಡೆಗೆ ಯಾರೋ ಏಣಿಯೊಂದನ್ನು ಒರಗಿಸಿಟ್ಟಿದ್ದರು. ಕಾವಲುಗಾರ ದೂರದಲ್ಲಿ ಬೀಡಿ ಹಚ್ಚಿಕೊಂಡು ಆಕಾಶ ನೋಡುತ್ತಿದ್ದ.