ಹನ್ನೆರಡು ಗಂಟೆಗೆ ಸಿಹಿಗುಂಬಳ

ಕಣ್ಣು ಕಾಣದವರ ನೆರವಿಗೆ ಬೇಕಾದ ಎಪ್ಪತ್ತೆರಡು ಪದಗಳು ನನಗೆ ಬಾಯಿಪಾಠ. ಬಿಳಿಕೋಲು, ಬ್ರೈಲ್, ಪರದೆ ಮೇಲಿನದನ್ನು ಓದಿ ಹೇಳುವ ತಂತ್ರಾಂಶ, ಚಿತ್ರದ ಜೊತೆ ಬರೆಯುವ ವಿವರಣೆ, ಪಾದಕ್ಕೆ ದಾರಿ ತಿಳಿಸುವ ಹಳದಿ ಉಬ್ಬುಹಾಸು, ಯಾವುದನ್ನು ಬೇಕಾದರೂ ನಿದ್ದೆಯಿಂದ ಎಬ್ಬಿಸಿ ಕೇಳಿ. ನಮ್ಮೂರು ಒಕಾಯಾಮದ ಮಾರ್ಗದರ್ಶಕರ ತರಬೇತಿಯಲ್ಲಿ ನನಗೆ ನೂರಕ್ಕೆ ತೊಂಬತ್ತೆಂಟು. ಅರವತ್ತೊಂದರ ವಯಸ್ಸಿನಲ್ಲಿ ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿದ ಮಹಾನುಭಾವ ನಾನು.

ಇಷ್ಟೆಲ್ಲ ಮಾಡಿದ್ದು ಅಕ್ಕನಿಗಾಗಿ. ದೃಷ್ಟಿ ಪೂರ್ತಿ ಹೋದ ಮೇಲೆ ಮಿತ್ಸುಯೆ ಅಕ್ಕ ಒಂದು ವರ್ಷ ಹೊಸಿಲು ದಾಟಿರಲಿಲ್ಲ. ಗೋಗರೆದು ಗೋಗರೆದು ಒಪ್ಪಿಸಿದ್ದೆ.

"ಒಂದೇ ಒಂದು ಸಲ ಬರ್ತೀನಿ, ತೆತ್ಸುರೋ. ನಾಲ್ಕು ಜನರ ಮುಂದೆ ನಗೆಪಾಟಲಾದ್ರೆ ಮತ್ತೆ ಯಾವತ್ತೂ ಕರೀಬೇಡ."

ಬಾಗಿಲಲ್ಲೇ ಎಡವಟ್ಟು. ಅವಳ ಕೈ ಹಿಡಿದು ದರದರ ಎಳೆದುಬಿಟ್ಟೆ.

"ನಾನೇನು ಮೂಲಂಗಿ ಚೀಲಾನಾ? ಮೊಣಕೈ ಕೊಡೋ, ನಾನೇ ಹಿಡ್ಕೋತೀನಿ!"

ಮೊಣಕೈ ಕೊಡುವುದು ನಮ್ಮ ತರಬೇತಿ ಪುಸ್ತಕದ ಹನ್ನೊಂದನೆಯ ಪದ. ತಲೆಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ.

ಊಟದಂಗಡಿಯಲ್ಲಿ ಅವಳನ್ನು ಕೂರಿಸಿ ನಾನು ಎದುರಿಗೆ ಠೀವಿಯಿಂದ ಕೂತೆ. ಹಂದಿಮಾಂಸದ ಕಟ್ಲೆಟ್ ಊಟ ಬಂತು. ಊಟದ ತಟ್ಟೆಯನ್ನು ಗಡಿಯಾರವೆಂದುಕೊಂಡು ಯಾವುದು ಎಷ್ಟು ಗಂಟೆಯ ಜಾಗದಲ್ಲಿದೆ ಎಂದು ಹೇಳಬೇಕು. ಅದರಲ್ಲಂತೂ ನಾನು ಪ್ರವೀಣ. ಪಕ್ಕದ ಮೇಜಿನವರಿಗೂ ಕೇಳಲಿ ಎಂದು ದನಿ ಏರಿಸಿದೆ.

"ಎರಡು ಗಂಟೆಗೆ ಅನ್ನ. ಹತ್ತಕ್ಕೆ ಸಾರು. ಹನ್ನೆರಡಕ್ಕೆ ಬೇಯಿಸಿದ ಸಿಹಿಗುಂಬಳ."

"ಅನ್ನ ಬಲಗಡೆನಾ? ಹುಟ್ಟಿದಾಗಿಂದ ಎಡಗಡೆ ಇಟ್ಟಿದ್ದನ್ನೇ ತಿಂದಿದ್ದೀನಲ್ಲೋ?"

"ಈ ಅಂಗಡಿ ಪದ್ಧತಿ ಬೇರೆ ಇರಬಹುದು. ನನ್ನನ್ನ ನಂಬಕ್ಕ. ತೊಂಬತ್ತೆಂಟು ಅಂಕ ಅಂದ್ರೆ ಸುಮ್ನೇನಾ?"

ಪಾಪ, ನಂಬಿದಳು. ಹನ್ನೆರಡು ಗಂಟೆಯತ್ತ ಊಟದ ಕಡ್ಡಿಗಳನ್ನು ಚಾಚಿ, ಅಲ್ಲಿದ್ದ ಹಳದಿ ಮುದ್ದೆಯನ್ನು ಇಡಿಯಾಗಿ ಬಾಯಿಗಿಟ್ಟಳು. ಅದು ಕಟ್ಲೆಟ್‌ಗೆ ನಂಚಿಕೊಳ್ಳಲು ಇಟ್ಟಿದ್ದ ಅರೆದ ಸಾಸಿವೆ! ಕುಂಬಳ ಇದ್ದದ್ದು ಅವಳ ಎದೆಯ ಹತ್ತಿರ. ಮುಟ್ಠಾಳ ನಾನು, ಗಡಿಯಾರವನ್ನು ನನ್ನ ಕಡೆಯಿಂದ ಓದಿದ್ದೆ.

ಅಕ್ಕನಿಗೆ ಕಣ್ಣು, ಮೂಗು ಎಲ್ಲ ಸುರಿಯಿತು. ಕೆಮ್ಮು ನಿಲ್ಲಲಿಲ್ಲ. ಅಂಗಡಿಯೆಲ್ಲ ನಮ್ಮನ್ನೇ ನೋಡುತ್ತಿತ್ತು. ಮುಗೀತು, ಇನ್ನು ಇವಳು ಮನೆಯೊಳಗೇ ಮುದುಡಿಕೊಂಡು ಉಳಿದುಬಿಡುತ್ತಾಳೆ, ಅದಕ್ಕೆ ಕಾರಣ ನಾನೇ ಎಂದು ನನಗೆ ಅಳು ಬಂತು.

"ತಪ್ಪಾಯ್ತಕ್ಕ. ಏಳು, ಮನೆಗೆ ಹೋಗೋಣ."

"ಯಾಕೆ? ನಂಗೆ ಹಸಿವಾಗಿದೆ ಕಣೋ ದಡ್ಡಾ. ಎದ್ದು ಈ ಕಡೆ ಬಂದು ಕೂತ್ಕೋ."

ಹೋಗಿ ಅವಳ ಭುಜಕ್ಕೆ ಭುಜ ತಾಗಿಸಿ ಕೂತೆ. ಅಲ್ಲಿಂದ ನೋಡಿದರೆ ಅನ್ನ ಎಡಗಡೆಯೇ ಇತ್ತು. ಗಂಟೆಗಳನ್ನು ಮತ್ತೆ ಹೇಳಿದೆ, ಈ ಸಲ ಅವಳೊಬ್ಬಳಿಗೆ ಕೇಳುವಷ್ಟು ಮೆಲ್ಲಗೆ. ಅಕ್ಕ ಒಂದಗುಳೂ ಬಿಡದೆ ತಿಂದಳು.

"ಒಂದು ವರ್ಷದಿಂದ ಎಲ್ಲರೂ ನನ್ನೆದುರು ಕೂತು ಬುದ್ಧಿ ಹೇಳೋರೇ. ಪಕ್ಕಕ್ಕೆ ಬಂದವನು ನೀನೇ ಮೊದಲು," ಎಂದು ಬಾಯಿ ಒರೆಸಿಕೊಂಡಳು. "ಬರೋ ಭಾನುವಾರ ನೂಡಲ್ಸ್ ತಿನ್ನೋಣ. ಇರೋದು ಒಂದೇ ಬಟ್ಟಲು, ಗಂಟೆ ಲೆಕ್ಕಾನೇ ಬೇಡ. ಅದನ್ನೂ ಕೆಡಿಸ್ತೀಯೇನೋ ನೋಡ್ತೀನಿ."