ನೀರು ನೋಡಲು ಬರುವವರು

ಹವಳಕ್ಕೆ ಏನಾಗಿದೆಯೆಂದು ಇವತ್ತೂ ಗೊತ್ತಾಗದಿರಲಿ ಎಂದು ಅವಳು ಒಳಗೊಳಗೇ ಬೇಡಿಕೊಳ್ಳುತ್ತಿದ್ದಳು. ಅದು ಸಾಯಬಾರದು, ವಾಸಿಯೂ ಆಗಬಾರದು. ಹೀಗೂ ಆಸೆಪಡುತ್ತಾರೆಯೇ ಎಂದು ತನ್ನ ಮೇಲೆ ತನಗೇ ಅಸಹ್ಯವಾಗಿ, ಭಾವನ ಕೈಗೆ ಟಾರ್ಚು ಕೊಟ್ಟು ಪಕ್ಕಕ್ಕೆ ಸರಿದಳು.

ಭಾವ ಗಾಜಿನ ತೊಟ್ಟಿಯ ಮುಂದೆ ಮೊಣಕಾಲೂರಿ ಕೂತಿದ್ದರು. ನೀರಿನಲ್ಲಿ ಅರಳಿ ತೂಗಾಡಬೇಕಿದ್ದ ಹವಳ ತನ್ನ ಹಸಿರು ಬೆರಳುಗಳನ್ನೆಲ್ಲ ಒಳಕ್ಕೆಳೆದುಕೊಂಡು ಮುದುಡಿತ್ತು. ಒಂದು ಅಂಚು ಸುಣ್ಣದಂತೆ ಬೆಳ್ಳಗಾಗಿತ್ತು.

"ಕಲ್ಲಿಗೆ ಜ್ವರ ಬಂದಿದೆ ಅಂತ ಡಾಕ್ಟರನ್ನ ಕರೆಸಿದಾಳೆ ನೋಡಿ," ಎಂದಳು ಅಮ್ಮ, ಅಡುಗೆಮನೆಯ ಬಾಗಿಲಲ್ಲಿ ಕೈ ಒರೆಸಿಕೊಳ್ಳುತ್ತಾ.

"ಕಲ್ಲಲ್ಲ ಅತ್ತೆ, ಜೀವ ಇದೆ ಇದಕ್ಕೆ."

"ಗೊತ್ತಪ್ಪ. ಗೊತ್ತಿಲ್ದೆ ದಿನಾ ಇದರ ಮುಂದೆ ಕೂತಿರ್ತೀನಾ?"

ತೊಟ್ಟಿಯನ್ನು ಆಸೆಪಟ್ಟು ಕೊಂಡವಳು ಅಕ್ಕ. ಅದಕ್ಕೆ ನೀರು ತುಂಬುವ ಮೊದಲೇ ಆಸ್ಪತ್ರೆ ಸೇರಿದಳು, ಮರಳಿ ಬರಲಿಲ್ಲ. ಖಾಲಿ ಗಾಜನ್ನು ಮನೆಯಲ್ಲಿಟ್ಟುಕೊಂಡು ನೋಡಲಾರದೆ ಭಾವ ಇಲ್ಲಿಗೆ ತಂದರು. ಮರಳು, ಕಲ್ಲು, ಉಪ್ಪುನೀರು ಹಾಕಿ, ಹದಕ್ಕೆ ಬರಲೆಂದು ವಾರಗಟ್ಟಲೆ ಕಾದು, ಆಮೇಲೆ ಅಕ್ಕ ಬೇಕೆಂದಿದ್ದ ಜಾತಿಯದೇ ಹವಳ ತಂದು ಕೂರಿಸಿದರು. ಅಂದಿನಿಂದ ಪ್ರತಿ ಭಾನುವಾರ ನೀರು ನೋಡಲು ಬರುತ್ತಾರೆ. ಅಮ್ಮ ಬೆಳಿಗ್ಗೆಯೇ ತಲೆ ಬಾಚಿಕೊಳ್ಳುತ್ತಾಳೆ. ಅಕ್ಕನ ಹೆಸರು ಈ ಮನೆಯಲ್ಲಿ ಕೇಳಿಸುವುದು ಅದೊಂದೇ ದಿನ.

ಭಾವ ಪುಟ್ಟ ಸೀಸೆಗಳಲ್ಲಿ ನೀರು ಹಿಡಿದು ಬಣ್ಣ ಬರಿಸುವ ಹನಿಗಳನ್ನು ಬಿಟ್ಟರು. ಅಮೋನಿಯಾ ಇಲ್ಲ. ನೈಟ್ರೇಟ್ ಇರಬೇಕಾದಷ್ಟೇ ಇದೆ. ದೀಪ ಸರಿಯಿದೆ, ಪಂಪೂ ಸರಿಯಿದೆ. ಅವಳ ಎದೆ ಸ್ವಲ್ಪ ಹಗುರಾಯಿತು. ಕೊನೆಗೆ ಅವರು ಉಪ್ಪು ಅಳೆಯುವ ಕೊಳವೆಯ ತುದಿಗೆ ಒಂದು ಹನಿ ಹಾಕಿ, ಕಿಟಕಿಯ ಬೆಳಕಿಗೆ ಹಿಡಿದು ಕಣ್ಣಿಟ್ಟರು. ತುಂಬ ಹೊತ್ತು ಕಣ್ಣು ತೆಗೆಯಲಿಲ್ಲ.

"ಉಪ್ಪು ವಿಪರೀತ ಆಗಿದೆ. ನೀರು ಇಳಿದಾಗ ಏನು ಹಾಕ್ತೀಯ, ಮೌನಗೌರಿ?"

ಅವಳು ಅಮ್ಮನ ಮುಖ ನೋಡಿದಳು.

"ಅವಳಲ್ಲ, ನಾನು ಹಾಕೋದು," ಎಂದಳು ಅಮ್ಮ. "ಬೆಳಿಗ್ಗೆ ಎದ್ದ ತಕ್ಷಣ. ನೀವು ಕೊಟ್ಟ ಪೊಟ್ಟಣದ ಉಪ್ಪನ್ನೇ ಅಳತೆ ಮಾಡಿ ಕದಡಿ ಹಾಕ್ತೀನಿ. ಸಮುದ್ರದ ಜೀವಕ್ಕೆ ಸಪ್ಪೆ ನೀರು ಹೇಗೆ ಕೊಡೋದು?"

"ಆವಿಯಾಗೋದು ಬರೀ ನೀರು ಅತ್ತೆ. ಉಪ್ಪು ಒಳಗೇ ಉಳಿಯುತ್ತೆ. ಅದರ ಮೇಲೆ ಮತ್ತೆ ಉಪ್ಪುನೀರೇ ಹಾಕಿದ್ರೆ..."

ಅಮ್ಮನ ಕೈಯಲ್ಲಿದ್ದ ಬಟ್ಟೆ ಮುದ್ದೆಯಾಯಿತು. "ಇದನ್ನೂ ಕೈಯಾರೆ ಕಳ್ಕೊಂಡೆನಾ?"

"ಇಲ್ಲ, ಇಲ್ಲ. ಬದುಕಿದೆ. ಒಂದೇ ಸಲ ಗಾಬರಿಯಿಂದ ಸಿಹಿನೀರು ಸುರೀಬಾರದು, ಅಷ್ಟೆ. ದಿನಾ ಒಂದಿಷ್ಟು ತೆಗೆದು, ಅಷ್ಟೇ ಶುದ್ಧ ನೀರು ಹಾಕ್ತಾ ಹೋಗಿ. ತಾನಾಗೇ ಅರಳುತ್ತೆ."

ಅಮ್ಮ ಒಳಗೆ ಹೋದಳು. ನಲ್ಲಿ ತಿರುಗಿಸಿದ ಸದ್ದು ಬಂತು. ಪಾತ್ರೆಗಳ ಸದ್ದು ಬರಲಿಲ್ಲ.

ಭಾವ ಕೊಳವೆಯನ್ನು ಒರೆಸಿ ಅವಳ ಅಂಗೈಯಲ್ಲಿಟ್ಟರು. "ಇನ್ಮೇಲೆ ನೀನೇ ನೋಡ್ಕೋ. ಕಷ್ಟ ಏನಿಲ್ಲ."

"ನೀವು?"

"ನನಗೆ ವರ್ಗ ಆಗಿದೆ. ದೂರಕ್ಕೆ. ನಾನೇ ಕೇಳ್ಕೊಂಡಿದ್ದು." ಅವರು ತೊಟ್ಟಿಯ ಕಡೆಗೇ ನೋಡುತ್ತಿದ್ದರು. "ಆ ಮನೇಲಿ ಇರೋಕಾಗ್ತಿಲ್ಲ ಕಣೇ. ಇದೊಂದು ಸರಿಹೋಗ್ಲಿ ಅಂತ ಕಾಯ್ತಿದ್ದೆ. ಅತ್ತೆಗೆ ನೀನೇ ಹೇಳ್ಬಿಡು, ನನ್ನ ಕೈಲಾಗಲ್ಲ."

ಅವಳು ತಲೆಯಾಡಿಸಿದಳು. ಡೈರಿ ಬರೆಯಲು ಕೂತರೆ ಸರಾಗವಾಗಿ ಬರುವ ಮಾತುಗಳು ಎದುರಿಗೊಬ್ಬರು ನಿಂತರೆ ಬರುತ್ತಿರಲಿಲ್ಲ. ಹೋಗಿ ಬನ್ನಿ ಎನ್ನಬೇಕು, ಅಷ್ಟು ಸಾಕು ಎಂದುಕೊಂಡಳು.

ಭಾವ ಸೀಸೆಗಳನ್ನು ಚೀಲಕ್ಕೆ ಹಾಕಿಕೊಂಡು ಬಾಗಿಲ ಬಳಿ ಹೋಗಿ, ಬಗ್ಗಿ ಬೂಟಿನ ದಾರ ಕಟ್ಟತೊಡಗಿದರು. ನೆತ್ತಿಯ ಕೂದಲು ಇಷ್ಟು ಬೇಗ ಬೆಳ್ಳಗಾದದ್ದು ಅವಳಿಗೆ ಈಗಷ್ಟೇ ಕಾಣಿಸಿತು.

"ಭಾವ."

ಅವಳ ದನಿ ಅವಳಿಗೇ ಜೋರಾಗಿ ಕೇಳಿಸಿತು.

"ನೀವೂ ಹೋದ್ರೆ, ಅಕ್ಕ ಇನ್ನೊಂದ್ಸಲ ಸತ್ತ ಹಾಗಾಗುತ್ತೆ ನಮಗೆ."

ಅಡುಗೆಮನೆಯಲ್ಲಿ ನಲ್ಲಿ ನಿಂತಿತು.